ನಂದಿಬೆಟ್ಟದಲ್ಲಿ ಬಾಪೂಜಿ ಕಲಿತ ಪಾಠ

ಬೆಂಗಳೂರಿನ ನಗರ್ತಪೇಟೆಯ ಓಣಿಗಳನ್ನು ಬೆಳಗಿನ ಹೊತ್ತು ನೋಡಿದವರಿಗೆ ದುಡಿಮೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೂಟೆ ಹೊರುವವರು ಬಂದು ನಿಂತಿರುತ್ತಾರೆ. ಗಲ್ಲಿಯ ಮನೆಗಳಲ್ಲಿ ತಾಯಂದಿರು ಎದ್ದು ನೀರು ಹಿಡಿದು, ತಿಂಡಿ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ತಾವೂ ಕೆಲಸಕ್ಕೆ ಓಡುತ್ತಾರೆ. ಈ ಪೇಟೆಗಳಲ್ಲಿ ಗುಮಾಸ್ತರಾಗಿ, ದರ್ಜಿಗಳಾಗಿ, ಮಾರಾಟದ ಹುಡುಗಿಯರಾಗಿ ದುಡಿಯುವ ನಮ್ಮ ಕ್ರೈಸ್ತ ವಿಶ್ವಾಸಿಗಳೂ ಇದ್ದಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುವ ಕಾಲುಗಳು ಅವು. ಭಾನುವಾರ ಬಲಿಪೂಜೆಗೆ ಬಂದು ಕುಳಿತಾಗ ಮಾತ್ರ ಅವುಗಳಿಗೆ ಬಿಡುವು.

ಇವರಲ್ಲಿ ಅನೇಕರಿಗೆ, ಅದರಲ್ಲೂ ನಮ್ಮ ತಾಯಂದಿರಿಗೆ, ಒಂದು ವಿಚಿತ್ರವಾದ ಅಳುಕು ಇದೆ. ಹಗಲಲ್ಲಿ ಹತ್ತು ನಿಮಿಷ ಒರಗಿದರೆ ಏನೋ ತಪ್ಪು ಮಾಡಿದಂತೆ ಅವರಿಗೆ ಅನ್ನಿಸುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವುದು, ಜ್ವರ ಬಂದರೂ ಹೇಳದೆ ಇರುವುದು, ತನಗಾಗಿ ಒಂದು ಮಾತ್ರೆಯನ್ನೂ ಕೊಳ್ಳದಿರುವುದು, ಇದೇ ತ್ಯಾಗ ಎಂದು ಅವರು ನಂಬಿದ್ದಾರೆ. ಧ್ಯಾನಕೂಟಕ್ಕೆ ಬನ್ನಿ ಎಂದರೆ ಮನೆ ಯಾರು ನೋಡುತ್ತಾರೆ ಎನ್ನುತ್ತಾರೆ. ದಣಿದ ದೇಹ ಕೊನೆಗೊಂದು ದಿನ ಕೈಕೊಟ್ಟಾಗ ಇಡೀ ಮನೆ ದಿಕ್ಕೆಡುತ್ತದೆ.

ಪ್ರಿಯ ಓದುಗರೇ, ಇದೇ ತಪ್ಪನ್ನು ಮಾಡಿ, ಅದರಿಂದ ಬಿದ್ದು, ನಮ್ಮ ಬೆಂಗಳೂರಿನ ಹತ್ತಿರದ ಬೆಟ್ಟವೊಂದರ ಮೇಲೆ ವಿಶ್ರಾಂತಿಯ ಪಾಠ ಕಲಿತು ಎದ್ದ ಮಹಾಪುರುಷರೊಬ್ಬರ ಜೀವನವನ್ನು ಈ ವಾರ ನೆನೆಯೋಣ. ಅವರು ಬೇರಾರೂ ಅಲ್ಲ, ಮೋಹನದಾಸ ಕರಮಚಂದ ಗಾಂಧಿಯವರು. ಅವರು ಕ್ರೈಸ್ತರಾಗಿರಲಿಲ್ಲ. ಆದರೆ ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದೆ. ಜಗದ್ಗುರು ಎರಡನೆಯ ಜಾನ್ ಪೌಲರು 1986ರ ಫೆಬ್ರವರಿ 1ರಂದು ಭಾರತಕ್ಕೆ ಬಂದಿಳಿದ ದಿನವೇ ದೆಹಲಿಯ ರಾಜಘಾಟ್‌ಗೆ ಹೋಗಿ ಅವರ ಸಮಾಧಿಯ ಮುಂದೆ ಪ್ರಾರ್ಥಿಸಿದರು. ಆದ್ದರಿಂದ ಬಾಪೂಜಿಯವರ ಬದುಕಿನಿಂದ ಕಲಿಯಲು ನಾವು ಸಂಕೋಚಪಡಬೇಕಾಗಿಲ್ಲ.

ನಡಿಗೆಯೇ ಮೊದಲ ಗೆಳೆಯ

ಗಾಂಧಿಯವರು 1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಹುಟ್ಟಿದರು. ನಾಚಿಕೆ ಸ್ವಭಾವದ ಹುಡುಗ. ಆಟೋಟಗಳೆಂದರೆ ಅಷ್ಟಕ್ಕಷ್ಟೆ. ಆದರೆ ಬಯಲು ಗಾಳಿಯಲ್ಲಿ ನಡೆಯುವುದು ಒಳ್ಳೆಯದೆಂದು ಪುಸ್ತಕದಲ್ಲಿ ಓದಿ, ಶಾಲೆಯ ದಿನಗಳಲ್ಲೇ ನಡಿಗೆಯ ಅಭ್ಯಾಸ ಹಾಕಿಕೊಂಡರು. 1888ರಲ್ಲಿ ವಕೀಲಿ ಓದಲು ಲಂಡನ್ನಿಗೆ ಹೋದಾಗ ಬಂಡಿಯ ಬಾಡಿಗೆ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಅಲ್ಲಿನ ಚಳಿಯಲ್ಲೂ ತಮಗೆ ದೊಡ್ಡ ಕಾಯಿಲೆ ಬರದಿದ್ದುದಕ್ಕೆ ಈ ನಡಿಗೆಯೇ ಕಾರಣವೆಂದು ಅವರು ಮುಂದೆ ನೆನೆದರು. ದುಡ್ಡು ಉಳಿಸಲು ಹಿಡಿದ ಅಭ್ಯಾಸ ದೇಹವನ್ನೂ ಉಳಿಸಿತು.

1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಒಂದು ವರ್ಷಕ್ಕೆಂದು ಹೋದವರು ಅಲ್ಲಿನ ಭಾರತೀಯರ ಕಷ್ಟ ಕಂಡು, ನಡುನಡುವೆ ಬಂದುಹೋದದ್ದನ್ನು ಬಿಟ್ಟರೆ, 1914ರವರೆಗೆ ಅಲ್ಲೇ ನಿಂತರು.

ಕಥೋಲಿಕ ಮಠದಲ್ಲಿ ಕಂಡದ್ದು

ನಮ್ಮಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿ ಇಲ್ಲಿದೆ. ಡರ್ಬನ್ ನಗರದ ಬಳಿ ಮರಿಯಾನ್‌ಹಿಲ್ ಎಂಬಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಕಥೋಲಿಕ ಮಠವೊಂದಿತ್ತು. 1882ರಲ್ಲಿ ಸ್ಥಾಪನೆಯಾದ ಮಠ ಅದು. 1895ರಲ್ಲಿ ಗಾಂಧಿಯವರು ಅಲ್ಲಿಗೆ ಭೇಟಿ ಕೊಟ್ಟರು. ಸನ್ಯಾಸಿಗಳು ಮೌನವ್ರತದಲ್ಲಿದ್ದರು. ಸಾದಾ ಸಸ್ಯಾಹಾರ ಉಣ್ಣುತ್ತಿದ್ದರು. ಪ್ರಾರ್ಥನೆಗೆ ಒಂದು ಹೊತ್ತು, ಕೈಕೆಲಸಕ್ಕೆ ಒಂದು ಹೊತ್ತು, ನಿದ್ರೆಗೆ ಒಂದು ಹೊತ್ತು ಎಂದು ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತಿತ್ತು. ಅಲ್ಲಿ ಕರಿಯರನ್ನೂ ಭಾರತೀಯರನ್ನೂ ಕೀಳಾಗಿ ಕಾಣುತ್ತಿರಲಿಲ್ಲ. ತರುಣ ವಕೀಲರು ಬೆರಗಾದರು. ಆ ಮಠದ ಬಗ್ಗೆ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಗೆ ಲೇಖನವನ್ನೂ ಬರೆದರು.

ಮುಂದೆ 1904ರಲ್ಲಿ ಅವರು ಫೀನಿಕ್ಸ್ ಎಂಬಲ್ಲಿಯೂ, 1910ರಲ್ಲಿ ಟಾಲ್‌ಸ್ಟಾಯ್ ಫಾರಂ ಎಂಬಲ್ಲಿಯೂ ಕೂಡುಬಾಳಿನ ನೆಲೆಗಳನ್ನು ಕಟ್ಟಿದರು. ಪ್ರಾರ್ಥನೆ, ದುಡಿಮೆ, ಸರಳ ಊಟ, ಮಿತವಾದ ಮಾತು, ಇದೇ ಅಲ್ಲಿಯ ಕ್ರಮ. ಫಾರಮ್ಮಿನ ಗೆಳೆಯ ಕಾಲೆನ್‌ಬಾಕ್ ಅದೇ ಮರಿಯಾನ್‌ಹಿಲ್ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧಿಯವರು ಕಲಿತರು. ಹೀಗೆ ಬಾಪೂಜಿಯವರ ಕೈಕಸುಬಿನಲ್ಲಿ ನಮ್ಮ ಸನ್ಯಾಸಿಗಳ ಪಾಲೂ ಇದೆ.

ದೇಹವನ್ನು ದಂಡಿಸಿದ ದಿನಗಳು

ಇಷ್ಟೆಲ್ಲ ಇದ್ದರೂ ಗಾಂಧಿಯವರು ತಮ್ಮ ದೇಹದ ಮೇಲೆ ಬಹಳ ಕಟುವಾಗಿದ್ದರು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಅಲೆದು, ಹೊತ್ತಿಗೆ ಸರಿಯಾದ ಊಟವಿಲ್ಲದೆ, ಕೊನೆಗೆ ಭೇದಿಯಿಂದ ಹಾಸಿಗೆ ಹಿಡಿದರು. ಔಷಧಿ ಬೇಡವೆಂದರು. ಚುಚ್ಚುಮದ್ದು ಬೇಡವೆಂದರು. ಹಾಲು ಕುಡಿಯುವುದಿಲ್ಲವೆಂದು ಹಿಂದೆಯೇ ವ್ರತ ತೊಟ್ಟಿದ್ದರು. ದೇಹ ಸೊರಗಿ, ಸಾವು ಹತ್ತಿರ ಬಂದಿತೆಂದು ಅವರಿಗೇ ಅನ್ನಿಸಿತು.

ಆಗ ದಾರಿ ತೋರಿದವರು ಕಸ್ತೂರ್‌ಬಾ. ವ್ರತ ತೊಟ್ಟಾಗ ಮನಸ್ಸಿನಲ್ಲಿ ಇದ್ದದ್ದು ಹಸು ಎಮ್ಮೆಗಳ ಹಾಲು ತಾನೆ, ಆಡಿನ ಹಾಲಿಗೆ ಅಡ್ಡಿಯೇನು ಎಂದು ಅವರು ಕೇಳಿದರು. ಗಾಂಧಿಯವರು ಒಪ್ಪಿದರು, ಬದುಕಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ನೋವು ಅವರನ್ನು ಬಹುಕಾಲ ಕಾಡಿತು. ಆದರೆ ಮನೆಯವಳ ಕಣ್ಣಿಗೆ ಕಂಡ ಸತ್ಯ ಸರಳವಾಗಿತ್ತು. ಗಂಡ ಬದುಕಬೇಕು, ಅದಕ್ಕೆ ಹಾಲು ಬೇಕು. ಎಷ್ಟೋ ಸಲ ನಮ್ಮ ದೇಹದ ಪರವಾಗಿ ದೇವರು ಮಾತಾಡುವುದು ನಮ್ಮನ್ನು ಪ್ರೀತಿಸುವವರ ಬಾಯಿಂದಲೇ.

1924ರ ಜನವರಿಯಲ್ಲಿ ಸೆರೆಯಲ್ಲಿದ್ದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರಿಗೆ ಕರುಳಬಾಲದ ಶಸ್ತ್ರಚಿಕಿತ್ಸೆಯಾಯಿತು. ಬಿಡುಗಡೆಯಾದ ಮೇಲೆ ಜುಹೂ ಕಡಲ ತೀರದಲ್ಲಿ ಕೆಲಕಾಲ ಸುಧಾರಿಸಿಕೊಂಡರು. 1926ರ ಬಹುಭಾಗವನ್ನು ಪ್ರವಾಸವಿಲ್ಲದೆ ಸಾಬರಮತಿ ಆಶ್ರಮದಲ್ಲೇ ಕಳೆದರು. ಆದರೆ ಆ ವರ್ಷ ಮುಗಿಯುತ್ತಲೂ ಖಾದಿಯ ಪ್ರಚಾರಕ್ಕೆಂದು ಮತ್ತೆ ಹೊರಟರು. ಒಂದೇ ದಿನದಲ್ಲಿ ಹಲವು ಸಭೆಗಳು, ರಾತ್ರಿಯೆಲ್ಲ ರೈಲು, ನಸುಕಿಗೆ ಎದ್ದು ಪತ್ರಗಳು. 1927ರ ಮಾರ್ಚ್ ಕೊನೆಯಲ್ಲಿ ಕೊಲ್ಹಾಪುರ ಸೀಮೆಯಲ್ಲಿ ದೇಹ ಕೈಬಿಟ್ಟಿತು. ತಲೆ ಸುತ್ತಿ ನಿತ್ರಾಣರಾದರು. ರಕ್ತದ ಒತ್ತಡ ಏರಿದೆ, ಇದು ಅತಿಯಾದ ದುಡಿಮೆಯ ಫಲ, ಇನ್ನು ಕೆಲಸ ನಿಲ್ಲಿಸಲೇಬೇಕು ಎಂದರು ವೈದ್ಯರು.

ಬೆಟ್ಟದ ಮೇಲೆ

ಮೈಸೂರು ಸಂಸ್ಥಾನದ ಅತಿಥಿಯಾಗಿ ಗಾಂಧಿಯವರು 1927ರ ಏಪ್ರಿಲ್ ತಿಂಗಳಲ್ಲಿ ನಂದಿಬೆಟ್ಟಕ್ಕೆ ಬಂದರು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ, 4,800 ಅಡಿಗೂ ಎತ್ತರದ ತಂಪಾದ ಜಾಗ. ಏಪ್ರಿಲ್ ಮೇ ತಿಂಗಳ ಬಿಸಿಲು ಕೆಳಗೆ ಸುಡುತ್ತಿದ್ದಾಗ ಮೇಲೆ ಗಾಳಿ ಹಿತವಾಗಿರುತ್ತದೆ. ಅಲ್ಲಿ ಅವರು ಸುಮಾರು ಆರು ವಾರ ಇದ್ದರು. ಅದರ ನೆನಪಿಗೆ ಬೆಟ್ಟದ ಮೇಲಿನ ಅತಿಥಿಗೃಹಕ್ಕೆ ಗಾಂಧಿ ನಿಲಯ ಎಂಬ ಹೆಸರಿದೆ.

ನಾಡೆಲ್ಲ ಸುತ್ತಬೇಕಾಗಿದ್ದವರಿಗೆ ಸುಮ್ಮನಿರುವುದು ಸುಲಭವಾಗಿರಲಿಲ್ಲ. ಸಭೆಗಳು ರದ್ದಾಗಿದ್ದವು. ಖಾದಿ ನಿಧಿಗೆ ಬರಬೇಕಾದ ಹಣ ಬರುತ್ತಿರಲಿಲ್ಲ. ಆದರೂ ಅವರು ವೈದ್ಯರ ಮಾತಿಗೆ ತಲೆಬಾಗಿದರು. ಸ್ವಲ್ಪ ಸ್ವಲ್ಪವಾಗಿ ನಡೆದರು. ಹೊತ್ತಿಗೆ ಸರಿಯಾಗಿ ಉಂಡರು, ನಿದ್ರಿಸಿದರು. ಪ್ರಾರ್ಥನೆ ಬಿಡಲಿಲ್ಲ, ರಾಟೆ ಬಿಡಲಿಲ್ಲ. ಪತ್ರಿಕೆಯ ಬರಹವನ್ನೂ ಪತ್ರಗಳನ್ನೂ ಕೈಲಾದಷ್ಟಕ್ಕೆ ಇಳಿಸಿಕೊಂಡರು. ಸ್ವರಾಜ್ಯದ ಕೆಲಸ ತಾನೊಬ್ಬನಿಲ್ಲದೆ ನಡೆಯುವುದಿಲ್ಲ ಎಂಬ ಎಣಿಕೆ ಬೆಟ್ಟದ ಮೇಲೆ ತಾನಾಗಿಯೇ ಕರಗುತ್ತದೆ. ದಣಿದವನಿಗೆ ವಿಶ್ರಾಂತಿ ಕೊಡುವ ಮೊದಲ ವರ ವಿನಯ.

ಜೂನ್ ಮೊದಲ ವಾರ ಬೆಟ್ಟ ಇಳಿದು ಬೆಂಗಳೂರಿಗೆ ಬಂದು ಕುಮಾರ ಪಾರ್ಕಿನಲ್ಲಿ ತಂಗಿದರು. ಆಗಸ್ಟ್ ಕೊನೆಯವರೆಗೂ ಬೆಂಗಳೂರೇ ಅವರ ನೆಲೆ. ಸಂಜೆಯ ಪ್ರಾರ್ಥನೆಗೆ ಊರಿನ ಜನ ಬಂದು ಸೇರುತ್ತಿದ್ದರು. ಆ ದಿನಗಳಲ್ಲೇ ಪಂಡಿತ ಮದನಮೋಹನ ಮಾಳವೀಯರೊಂದಿಗೆ ಇಲ್ಲಿಯ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕುವ ಕ್ರಮವನ್ನು ವಿದ್ಯಾರ್ಥಿಯಂತೆ ಕಲಿತರು. 57 ವರ್ಷದ ನಾಯಕ ಕೊಟ್ಟಿಗೆಯಲ್ಲಿ ನಿಂತು ಪಾಠ ಕೇಳಿದ್ದು ಬೆಂಗಳೂರು ಕಂಡ ಒಂದು ಚೆಂದದ ನೋಟ. ಜುಲೈಯಲ್ಲಿ ಖಾದಿ ಪ್ರದರ್ಶನ ನಡೆಯಿತು. ಬಲ ಬಂದಂತೆ ಕೆಲಸವೂ ಬಂತು, ಆದರೆ ಅಳತೆ ಮೀರಿ ಅಲ್ಲ.

ಈ ವಿಶ್ರಾಂತಿಯ ಫಲವನ್ನು ಮೂರು ವರ್ಷಗಳ ಮೇಲೆ ಜಗತ್ತೇ ನೋಡಿತು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು 24 ದಿನಗಳಲ್ಲಿ ಸುಮಾರು 240 ಮೈಲಿ ನಡೆದು ಅವರು ದಂಡಿಯ ಕಡಲ ತೀರ ಸೇರಿದರು. ಆಗ ಅವರ ವಯಸ್ಸು 60. ಇನ್ನೊಂದು ಮಾತನ್ನು ಗಮನಿಸಬೇಕು. ಇಡೀ ದೇಶ ಕಾಯುತ್ತಿದ್ದ ಆ ಯಾತ್ರೆಯಲ್ಲೂ ಸೋಮವಾರಗಳಂದು ನಡಿಗೆ ಇರಲಿಲ್ಲ. ಅಂದು ವಿಶ್ರಾಂತಿ, ಅಂದು ಮೌನ.

ದಿನಚರಿಯ ಬಲ

ಸೋಮವಾರದ ಮೌನ ಅವರ ಬದುಕಿನ ದೊಡ್ಡ ಅಭ್ಯಾಸವಾಗಿತ್ತು. ಜನರ ಗದ್ದಲದ ನಡುವೆ ಬರೆಯಲು ಬಿಡುವು ಸಿಗಲಿ, ದೇಹಕ್ಕೆ ಆರಾಮ ಸಿಗಲಿ ಎಂದು ಶುರು ಮಾಡಿದ್ದು. ನಡೆಸುತ್ತಾ ಹೋದಂತೆ ಅದೇ ದೇವರೊಡನೆ ಕೂರುವ ದಿನವಾಯಿತು. ವೈಸ್‌ರಾಯ್ ಬಂದರೂ ಅಂದು ಚೀಟಿಯಲ್ಲಿ ಬರೆದು ತೋರಿಸುವುದೇ ಹೊರತು ಮಾತಿಲ್ಲ.

ಉಳಿದ ದಿನಗಳಲ್ಲೂ ಒಂದು ಕ್ರಮವಿತ್ತು. ನಸುಕಿನ ನಾಲ್ಕರ ಸುಮಾರಿಗೆ ಪ್ರಾರ್ಥನೆ, ಸಂಜೆ ಮತ್ತೆ ಪ್ರಾರ್ಥನೆ. ಬೆಳಿಗ್ಗೆ ಸಂಜೆ ನಡಿಗೆ. ರಾಟೆಯ ಮುಂದೆ ಒಂದಿಷ್ಟು ಹೊತ್ತು. ಎಣ್ಣೆ ತಿಕ್ಕಿಸಿಕೊಂಡು ಸ್ನಾನ. ಹೊಟ್ಟೆಗೂ ಹಣೆಗೂ ಒದ್ದೆ ಮಣ್ಣಿನ ಪಟ್ಟಿ. ಮಿತವಾದ ಊಟ. ಹಗಲಲ್ಲಿ ಸಣ್ಣ ನಿದ್ರೆ. ಸೊಂಟಕ್ಕೆ ಸಿಕ್ಕಿಸಿದ ಗಡಿಯಾರ ಇದಕ್ಕೆಲ್ಲ ಸಾಕ್ಷಿ. ಯಾವುದಕ್ಕೂ ಹೆಚ್ಚು ಹಣ ಬೇಕಾಗಿರಲಿಲ್ಲ. ದೇಹಕ್ಕೆ ಕೊಡುವ ಈ ಗೌರವ ಭೋಗವಲ್ಲ, ಸೋಮಾರಿತನವೂ ಅಲ್ಲ.

1935ರ ಕೊನೆಯಲ್ಲಿ ರಕ್ತದೊತ್ತಡ ಮತ್ತೆ ಏರಿದಾಗ ಅವರು ಹಟ ಹಿಡಿಯಲಿಲ್ಲ. 1936ರ ಮೇ ತಿಂಗಳಲ್ಲಿ ಎರಡನೆಯ ಸಲ ನಂದಿಬೆಟ್ಟಕ್ಕೆ ಬಂದು ವಿಶ್ರಮಿಸಿದರು. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಾಗಿದ್ದಾಗ ಆರೋಗ್ಯದ ಬಗ್ಗೆ ಚಿಕ್ಕ ಪುಸ್ತಕವೊಂದನ್ನು ಬರೆಯಲು ತೊಡಗಿದರು. ದೇಹ ಸೇವೆಗಾಗಿ ದೊರೆತದ್ದು, ಅದು ದೇವರ ಆಲಯವಾಗಬಲ್ಲುದು ಎಂಬುದು ಅದರ ಸಾರ. ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರವನ್ನು ಓದಿದ ನಮಗೆ ಈ ಮಾತು ಹೊಸದೇನಲ್ಲ.

ಕ್ರಿಸ್ತರ ಮೇಲೆ ಅವರಿಗಿದ್ದ ಪ್ರೀತಿಯೂ ದೊಡ್ಡದು. 1931ರ ಡಿಸೆಂಬರ್‌ನಲ್ಲಿ ವ್ಯಾಟಿಕನ್‌ಗೆ ಹೋದಾಗ ಶಿಲುಬೆಗೇರಿದ ಪ್ರಭುವಿನ ಪ್ರತಿಮೆಯ ಮುಂದೆ ನಿಂತು ಅವರ ಕಣ್ಣು ತುಂಬಿತು. ಸೇವಾಗ್ರಾಮದ ಅವರ ಮಣ್ಣಿನ ಗುಡಿಸಲಿನ ಗೋಡೆಯಲ್ಲಿ ಯೇಸುವಿನ ಚಿತ್ರವೊಂದು ಇತ್ತು. 1947ರ ಮೊದಲ ತಿಂಗಳುಗಳಲ್ಲಿ, 77ನೆಯ ವಯಸ್ಸಿನಲ್ಲಿ, ಗಲಭೆಯಿಂದ ನೊಂದ ನೌಖಾಲಿಯ ಹಳ್ಳಿಗಳಲ್ಲಿ ಬರಿಗಾಲಲ್ಲಿ ನಡೆದರು. 1948ರ ಜನವರಿ 30ರ ಸಂಜೆ, ದೆಹಲಿಯಲ್ಲಿ ಪ್ರಾರ್ಥನೆಗೆ ನಡೆದುಹೋಗುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಕೊನೆಯ ಹೆಜ್ಜೆಯೂ ಪ್ರಾರ್ಥನೆಯ ಕಡೆಗೇ.

ಎರಡು ಎಚ್ಚರಿಕೆಯ ಮಾತು

ಮಹಾತ್ಮರೆಂದು ಅವರ ಎಲ್ಲವನ್ನೂ ಅನುಕರಿಸಬೇಕಾಗಿಲ್ಲ. ಅವರು ತಮ್ಮ ಮೇಲೂ, ಹೆಂಡತಿ ಮಕ್ಕಳ ಮೇಲೂ ಎಷ್ಟೋ ಸಲ ಕಠಿಣವಾಗಿ ನಡೆದುಕೊಂಡರು. ಅದನ್ನು ಅವರೇ ಬರೆದಿಟ್ಟಿದ್ದಾರೆ. ಅವರ ದೀರ್ಘ ಉಪವಾಸಗಳು ನಮಗೆ ನಿಮಗೆ ಹೇಳಿದ್ದಲ್ಲ. ತಪಸ್ಸುಕಾಲದಲ್ಲೂ ಧರ್ಮಸಭೆ ರೋಗಿಗಳನ್ನೂ ವೃದ್ಧರನ್ನೂ ಉಪವಾಸದ ಕಟ್ಟಳೆಯಿಂದ ಬಿಟ್ಟಿದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಬಾಪೂಜಿಗೆ ಬೆಟ್ಟದ ಮೇಲೆ ಅತಿಥಿಗೃಹ ದೊರೆಯಿತು. ಬಳಿಯಲ್ಲಿ ಆರೈಕೆಗೆ ಜನರಿದ್ದರು. ನಗರ್ತಪೇಟೆಯ ಒಂದು ಕೋಣೆಯ ಮನೆಯಲ್ಲಿ ಆರು ಮಂದಿಗೆ ಬೇಯಿಸುವ ತಾಯಿಗೆ ಯಾವ ನಂದಿಬೆಟ್ಟ ಇದೆ? ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಡಬೇಕಾದವರು ಆ ತಾಯಿಯಲ್ಲ, ಅವರ ಮನೆಯವರು. ಗಂಡ ಒಂದು ಹೊತ್ತು ಸೌದೆ ಸ್ಟೌವ್ ಯಾವುದಾದರೂ ಸರಿ, ಒಲೆಯ ಮುಂದೆ ನಿಂತರೆ, ಮಗ ನೀರು ಹಿಡಿದರೆ, ಮಗಳಂತೆ ಮಗನೂ ಪಾತ್ರೆ ತೊಳೆದರೆ ಆ ಮನೆಯಲ್ಲೇ ಒಂದು ಬೆಟ್ಟ ಎದ್ದು ನಿಲ್ಲುತ್ತದೆ. ತಾಯಿಯ ವಿಶ್ರಾಂತಿ ಮನೆಯವರೆಲ್ಲರ ಹೊಣೆ.

ಪ್ರಭುವೇ ತೋರಿದ ದಾರಿ

ಇದನ್ನೆಲ್ಲ ಬಾಪೂಜಿಗಿಂತ ಬಹು ಮೊದಲೇ ನಮ್ಮ ಪ್ರಭು ಯೇಸು ಕಲಿಸಿದ್ದಾರೆ. ಪ್ರೇಷಿತರು ಸೇವೆ ಮುಗಿಸಿ ಬಂದಾಗ ಜನಸಂದಣಿಯಿಂದ ಅವರಿಗೆ ಊಟಕ್ಕೂ ಬಿಡುವಿರಲಿಲ್ಲ. ಆಗ ಪ್ರಭು ಅವರನ್ನು ಏಕಾಂತ ಸ್ಥಳಕ್ಕೆ ಕರೆದು ಸ್ವಲ್ಪ ದಣಿವಾರಿಸಿಕೊಳ್ಳಲು ಹೇಳಿದರೆಂದು ಸಂತ ಮಾರ್ಕರು ಬರೆದಿದ್ದಾರೆ. ಪ್ರಭು ತಾವೂ ಮುಂಜಾನೆ ಎದ್ದು ಒಬ್ಬರೇ ಪ್ರಾರ್ಥಿಸಲು ಹೋಗುತ್ತಿದ್ದರು. ಬಿರುಗಾಳಿಯ ದೋಣಿಯಲ್ಲೂ ನಿದ್ರಿಸಿದರು.

ಪ್ರವಾದಿ ಎಲೀಯನ ಕಥೆಯನ್ನೂ ನೆನೆಯಿರಿ. ಸಾಕು, ಇನ್ನು ಬದುಕಲಾರೆ ಎಂದು ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬುದ್ಧಿ ಹೇಳಲಿಲ್ಲ, ಗದರಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೊಮ್ಮೆ ಎಬ್ಬಿಸಿ ಉಣಿಸಿದ. ಆ ಮೇಲೆ ತಾನೆ ಹೋರೇಬ್ ಬೆಟ್ಟದ ಪಯಣ. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬುದು ಪ್ರಭುವಿನ ಆಜ್ಞೆ. ತನ್ನನ್ನೇ ಹೀನಾಯವಾಗಿ ಕಾಣುವವನ ಪ್ರೀತಿಯ ಅಳತೆ ಎಷ್ಟಿದ್ದೀತು?

ನಮ್ಮ ಮನೆಗೆ

ಈ ವಾರದಿಂದಲೇ ಕೆಲವನ್ನು ಶುರು ಮಾಡಬಹುದು. ಬೆಳಿಗ್ಗೆ ಎದ್ದ ಕೂಡಲೇ ಕೆಲಸಕ್ಕೆ ಕೈಹಾಕುವ ಮೊದಲು ಐದು ನಿಮಿಷ ದೇವರ ಮುಂದೆ ಸುಮ್ಮನೆ ಕೂರಿರಿ. ಮನೆಯವರೆಲ್ಲ ಒಟ್ಟಿಗೆ ಉಣ್ಣಿರಿ, ಅಡುಗೆ ಮಾಡಿದವರೂ ಆ ಪಂಕ್ತಿಯಲ್ಲೇ ಕೂರಲಿ. ಪೇಟೆಯ ಗದ್ದಲದಲ್ಲಿ ನಡೆಯಲು ಜಾಗವಿಲ್ಲವಾದರೆ ಭಾನುವಾರ ಪೂಜೆ ಮುಗಿದ ಮೇಲೆ ಲಾಲ್‌ಬಾಗಿಗಾದರೂ ಹೋಗಿ, ಮಕ್ಕಳ ಕೈಹಿಡಿದು ಒಂದು ಸುತ್ತು ನಡೆಯಿರಿ. ರಾತ್ರಿ ಜಪಸರದ ಹೊತ್ತು ಟಿವಿಯೂ ಫೋನೂ ಮೌನವ್ರತ ಹಿಡಿಯಲಿ. ಮಲಗುವ ಮುನ್ನ ಆತ್ಮಶೋಧನೆ ಮಾಡುವಾಗ ತಪ್ಪುಗಳ ಜೊತೆಗೆ ಅಂದು ಆದ ಒಳಿತನ್ನೂ ಎಣಿಸಿ ದೇವರಿಗೆ ವಂದಿಸಿರಿ. ತಲೆಸುತ್ತು, ಎದೆನೋವು, ಬಿಡದ ಆಯಾಸ, ನಿದ್ರೆ ಬಾರದ ರಾತ್ರಿಗಳು ಇದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿರಿ. ಧರ್ಮಕೇಂದ್ರದಲ್ಲಿ ಧ್ಯಾನಕೂಟ ಏರ್ಪಟ್ಟಾಗ ಒಂದು ವರ್ಷ ಗಂಡ, ಇನ್ನೊಂದು ವರ್ಷ ಹೆಂಡತಿ ಎಂದಾದರೂ ಹೋಗಿ ಬನ್ನಿ. ಹೋದವರು ಬರುವವರೆಗೆ ಉಳಿದವರು ಮನೆ ನೋಡಿಕೊಳ್ಳಲಿ.

ನಂದಿಬೆಟ್ಟ ದೂರವೇನಿಲ್ಲ. ಆಕಾಶ ತಿಳಿಯಾಗಿದ್ದ ದಿನ ಊರಿನ ಎತ್ತರದ ಮಹಡಿಗಳಿಂದ ಬಡಗಣ ದಿಕ್ಕಿಗೆ ಅದರ ನೆರಳು ಕಂಡೀತು. ಅದನ್ನು ಕಂಡಾಗ, ಬಿದ್ದ ಮೇಲೆ ವಿಶ್ರಾಂತಿ ಕಲಿತ ಆ ಮುದುಕರು ನೆನಪಾಗಲಿ. ನಾವು ಬೀಳುವ ಮೊದಲೇ ಕಲಿಯೋಣ. ಹೊರೆ ಹೊತ್ತು ಬಳಲಿದವರೆಲ್ಲರನ್ನು ತನ್ನ ಬಳಿಗೆ ಕರೆಯುವ ಪ್ರಭು, ದಣಿದ ನಮ್ಮ ಪ್ರತಿಯೊಂದು ಮನೆಗೂ ತಮ್ಮ ಶಾಂತಿಯನ್ನು ದಯಪಾಲಿಸಲಿ.